ಓದುಗರ ಪ್ರಶ್ನೆ: ಟೀಕೆಯೇ, ಛೀಮಾರಿಯೇ?

ಪ್ರಶ್ನೆ: ನಮ್ಮೂರಿನ ಸಹಕಾರಿ ಸಂಘದ ವಾರ್ಷಿಕ ಸಭೆಯಲ್ಲಿ ಲೆಕ್ಕಪತ್ರದ ಒಂದು ತಪ್ಪನ್ನು ಎತ್ತಿ ತೋರಿಸಿದೆ. ಕಾರ್ಯದರ್ಶಿ ಒಪ್ಪಿಕೊಂಡು ತಿದ್ದಿದರು. ಮರುದಿನ ಪತ್ರಿಕೆಯಲ್ಲಿ ‘ಕಾರ್ಯದರ್ಶಿಗೆ ಸದಸ್ಯರ ಛೀಮಾರಿ’ ಎಂದು ಬಂದಿತು. ಅಂದಿನಿಂದ ಅವರು ನನ್ನೊಡನೆ ಮಾತು ಬಿಟ್ಟಿದ್ದಾರೆ. ಟೀಕೆ, ನಿಂದೆ, ಛೀಮಾರಿ ಎಲ್ಲವೂ ಒಂದೇ ಅರ್ಥದವೇ? ಇವುಗಳ ವಿರುದ್ಧ ಪದಗಳು ಯಾವುವು?
— ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಖಂಡಿತ ಒಂದೇ ಅಲ್ಲ, ಕಾರ್ಯದರ್ಶಿ ನೊಂದುಕೊಂಡದ್ದರಲ್ಲಿ ತಪ್ಪೂ ಇಲ್ಲ.

ನೀವು ಮಾಡಿದ್ದು ಟೀಕೆ. ಕಾಳಿದಾಸನ ಕಾವ್ಯಗಳಿಗೆ ಮಲ್ಲಿನಾಥ ಬರೆದದ್ದೂ ಟೀಕೆಯೇ; ಅಲ್ಲಿ ಆ ಮಾತಿಗೆ ಅರ್ಥ ಬಿಡಿಸಿ ಹೇಳುವುದು ಎಂದಷ್ಟೇ ಅರ್ಥ. ಇಂದಿನ ಕನ್ನಡದಲ್ಲಿ ಅದು ತಪ್ಪು ತೋರಿಸುವ ಕಡೆಗೆ ವಾಲಿದೆ. ಆದರೂ ಅದರ ಕಣ್ಣು ಕೆಲಸದ ಮೇಲೆ. ನಿಂದೆ ಬೀಳುವುದು ಮನುಷ್ಯನ ಮೇಲೆ. ಲೆಕ್ಕ ತಪ್ಪಿದೆ ಎಂದರೆ ಟೀಕೆ, ಇವನು ಹುಟ್ಟಾ ಕಳ್ಳ ಎಂದರೆ ನಿಂದೆ. ಛೀಮಾರಿ ಹಾಕಲು ಮೇಲಿನ ಪೀಠ ಬೇಕು, ಕೇಳುವ ಜನ ಬೇಕು. ಪತ್ರಿಕೆಗಳಲ್ಲಿ ಹೆಚ್ಚಾಗಿ ನ್ಯಾಯಾಲಯ ಛೀಮಾರಿ ಹಾಕುವುದು ಅದಕ್ಕೇ. ಕಾನೂನೂ ಇಂಥದೊಂದು ಗೆರೆ ಎಳೆದಿದೆ. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಂ ಮಾನಹಾನಿಯನ್ನು ಅಪರಾಧವೆನ್ನುತ್ತದೆ. ಆದರೆ ಸರ್ಕಾರಿ ನೌಕರ ಕರ್ತವ್ಯದಲ್ಲಿ ನಡೆದುಕೊಂಡ ರೀತಿಯ ಬಗ್ಗೆ ಸದ್ಭಾವನೆಯಿಂದ ಹೇಳಿದ ಅಭಿಪ್ರಾಯವನ್ನು ಅದರಿಂದ ಹೊರಗಿಡುತ್ತದೆ.

ಪದದ ಜೊತೆಗೆ ಬರುವ ಕ್ರಿಯಾಪದವನ್ನೂ ನೋಡಿ. ‘ಮರ್ಯಾದೆ ಮಾಡಿದರು’ ಎಂದರೆ ಆದರ, ‘ಮರ್ಯಾದೆ ತೆಗೆದರು’ ಎಂದರೆ ಅವಮಾನ. ಸಂಸ್ಕೃತದಲ್ಲಿ ಮರ್ಯಾದೆಯೆಂದರೆ ಎಲ್ಲೆ, ನಮ್ಮ ತೋಟಗಳ ಸುತ್ತ ತೋಡುವ ಅಗಳದಂತೆ. ಅದನ್ನು ದಾಟಿ ಒಳಗೆ ನುಗ್ಗಿದವರಿಂದಲೇ ಮರ್ಯಾದೆ ಹೋಗುವುದು.

ವಿರುದ್ಧ ಪದಗಳ ಶಾಲಾಪಟ್ಟಿ ಸುಲಭ: ತೆಗಳು–ಹೊಗಳು, ಅಪಕೀರ್ತಿ–ಕೀರ್ತಿ, ನಿಂದೆ–ಸ್ತುತಿ. ಈ ಕೊನೆಯ ಜೋಡಿಯನ್ನು ಶಿಕಾರಿಪುರ ತಾಲ್ಲೂಕಿನ ಉಡುತಡಿಯ ಅಕ್ಕಮಹಾದೇವಿ ಒಂದೇ ಉಸಿರಿನಲ್ಲಿ ಹೇಳಿದ್ದಾಳೆ. ಲೋಕದೊಳಗೆ ಹುಟ್ಟಿದ ಮೇಲೆ ಸ್ತುತಿನಿಂದೆಗಳು ಬಂದರೆ ಸಮಾಧಾನಿಯಾಗಿರಬೇಕು ಎಂಬುದು ಅವಳ ಮಾತು. ಆದರೆ ಪಟ್ಟಿಯಲ್ಲಿ ಅಪಮಾನದ ಎದುರು ಸನ್ಮಾನ ಎಂದಿರುವುದನ್ನು ನಾನು ಒಪ್ಪುವುದಿಲ್ಲ.

ನನಗಾಗ ಎಂಟು ವರ್ಷ. ತೀರ್ಥಹಳ್ಳಿ ಬದಿಯ ಅಜ್ಜನ ಮನೆಯಲ್ಲಿ ಅಡಿಕೆ ಸುಲಿತ ನಡೆದಿತ್ತು. ರಾತ್ರಿ ಲಾಟೀನಿನ ಬೆಳಕಿನಲ್ಲಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಕುಳಿತು ಸುಲಿಯುತ್ತಿದ್ದರು. ಸುಲಿದದ್ದನ್ನು ಡಬ್ಬದಲ್ಲಿ ಅಳೆದು, ಡಬ್ಬಕ್ಕೊಂದರಂತೆ ಗೋಡೆಯಲ್ಲಿ ಅವರವರ ಜಾಗದಲ್ಲಿ ಇದ್ದಿಲಿನಿಂದ ಗೆರೆ ಎಳೆಯುವುದು ಕ್ರಮ. ಒಂದು ಬೆಳಿಗ್ಗೆ ಒಬ್ಬಾಕೆಯ ಲೆಕ್ಕದಲ್ಲಿ ಎರಡು ಗೆರೆ ಹೆಚ್ಚಿದ್ದವು. ಅಜ್ಜ ಎಲ್ಲರೆದುರು ಅವಳನ್ನು ಝಾಡಿಸಿದರು. ಅಡಿಕೆಯ ಚೊಗರಿನಿಂದ ಕಪ್ಪಾದ ಕೈಯನ್ನು ಸೆರಗಿಗೆ ಒರೆಸಿಕೊಂಡು ಅವಳು ಮರುಮಾತಿಲ್ಲದೆ ಹೊರಟುಹೋದಳು.

ಆ ಗೆರೆ ಎಳೆದವನು ನಾನು. ಇದ್ದಿಲು ಕೈಗೆ ಸಿಕ್ಕಿತ್ತು, ಆಟಕ್ಕೆ ಎಳೆದಿದ್ದೆ. ಮಧ್ಯಾಹ್ನ ಅಜ್ಜಿಯ ಬಳಿ ಅತ್ತು ಹೇಳಿದೆ. ಸಂಜೆ ಅಜ್ಜ ತಾವೇ ಹೋಗಿ ಅವಳನ್ನು ಕರೆತಂದರು. ಅದೇ ಜಗುಲಿಯಲ್ಲಿ, ಅದೇ ಹೆಂಗಸರ ಮುಂದೆ ‘ತಪ್ಪು ನಮ್ಮ ಮನೆಯದು’ ಎಂದರು. ಅಜ್ಜಿ ಹೊಸ ಸೀರೆ ತಂದಿಟ್ಟರು. ಅವಳು ಸೀರೆಯನ್ನು ಮುಟ್ಟಲಿಲ್ಲ. ‘ನನ್ನ ಮಾನ ಉಳಿಯಿತಲ್ಲ ಅಮ್ಮ, ಸಾಕು’ ಎಂದು ಮೆಟ್ಟುಗತ್ತಿಯ ಮುಂದೆ ಕುಳಿತಳು.

ಸೀರೆ ಸನ್ಮಾನ. ಅವಳು ಕೇಳಿದ್ದು ಅದಲ್ಲ. ಮಾನ ಹೋಗುವುದಕ್ಕೆ ಎದುರಾದದ್ದು ಮಾನ ಉಳಿಯುವುದು. ಅದು ಎಲ್ಲಿ, ಯಾರೆದುರು ಹೋಗಿತ್ತೋ ಅಲ್ಲಿಯೇ ಉಳಿಯಬೇಕು.

ನಿಮ್ಮ ಕಾರ್ಯದರ್ಶಿಯ ಮಾನ ಹೋದದ್ದು ಪತ್ರಿಕೆಯ ಪುಟದಲ್ಲಿ. ಸಂಪಾದಕರಿಗೆ ಎರಡು ಸಾಲು ಬರೆಯಿರಿ: ‘ಸಭೆಯಲ್ಲಿ ಯಾರೂ ಛೀಮಾರಿ ಹಾಕಲಿಲ್ಲ. ಸದಸ್ಯರೊಬ್ಬರು ಲೆಕ್ಕದ ತಪ್ಪನ್ನು ತೋರಿಸಿದರು, ಕಾರ್ಯದರ್ಶಿ ಅಲ್ಲಿಯೇ ತಿದ್ದಿದರು.’ ಅಚ್ಚಾದ ಪುಟವನ್ನು ನೀವೇ ಒಯ್ದು ಅವರ ಕೈಗೆ ಕೊಡಿ. ಮಾತು ತಾನಾಗಿ ಶುರುವಾದೀತು.

ಪ್ರಶ್ನೆ: ಬೈಸಿಕೊಂಡವನಿಗೆ ‘ಮಂಗಳಾರತಿ ಆಯಿತು’ ಎನ್ನುವುದೇಕೆ?
— ಓದುಗರೊಬ್ಬರು, ಹೊಸನಗರ

ಉತ್ತರ: ಬೈಗುಳವನ್ನು ಬೈಗುಳವೆನ್ನಲು ನಾಲಿಗೆ ಹಿಂಜರಿದಾಗ ಪೂಜೆಯ ಮಾತನ್ನು ತಿರುಗಿಸಿ ಹಿಡಿಯುತ್ತೇವೆ. ‘ಸಹಸ್ರನಾಮ’, ‘ಅರ್ಚನೆ’ ಬೈಗುಳವಾದದ್ದೂ ಹೀಗೆಯೇ. ಮಂಗಳಾರತಿಗೆ ಗಂಟೆ, ಜಾಗಟೆ, ಎದ್ದು ನಿಂತು ನೋಡುವ ಜನ ಇರುತ್ತಾರೆ. ಬೈಗುಳವೂ ನಾಲ್ಕು ಜನರೆದುರು ನಡೆದರೆ ಮಾತ್ರ ಮಂಗಳಾರತಿ. ಕೋಣೆಗೆ ಕರೆದು ಮೆಲ್ಲಗೆ ಹೇಳಿದ್ದಕ್ಕೆ ಕನ್ನಡದಲ್ಲಿ ಬೇರೆಯೇ ಹೆಸರಿದೆ, ಬುದ್ಧಿಮಾತು.