ಬ್ಯಾಗಿನಲ್ಲಿ ಏನಿತ್ತು ಅಂತ ಬರೆಯಿರಿ

ನಮಸ್ಕಾರ. ಚಿಂತಾಮಣಿಯಿಂದ ನೀವು ಕಳಿಸಿದ ‘ನಮ್ಮೂರ ಹುಡುಗನನ್ನು ಬಿಡಿಸಿ’ ಲೇಖನ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ.

ಮಾದಕವಸ್ತು ಕೇಸಿನಲ್ಲಿ ದುಬೈ ಜೈಲಿನಲ್ಲಿರುವ ಹುಡುಗನ ಬಗ್ಗೆ ಇಷ್ಟೊಂದು ಪುಟ ಬರೆದಿದ್ದೀರಿ, ಅವನ ಬ್ಯಾಗಿನಲ್ಲಿ ಏನು ಸಿಕ್ಕಿತು, ಎಷ್ಟು ಸಿಕ್ಕಿತು ಅಂತ ಮಾತ್ರ ಎಲ್ಲೂ ಇಲ್ಲ. ‘ಯಾವುದೋ ಪೊಟ್ಟಣ’ ಅಂತ ತೇಲಿಸಿಬಿಟ್ಟಿದ್ದೀರಿ. ಉಳಿದದ್ದೆಲ್ಲ ಅವನು ಎಷ್ಟು ಒಳ್ಳೆಯವನು, ಗಣೇಶನ ಹಬ್ಬಕ್ಕೆ ಹೇಗೆ ಓಡಾಡುತ್ತಿದ್ದ ಅನ್ನೋದೇ. ನೀವು ಮುಚ್ಚಿಟ್ಟಷ್ಟೂ ಓದುವವರಿಗೆ ಅನುಮಾನ ಜಾಸ್ತಿ ಆಗುತ್ತದೆ.

ಮುಚ್ಚಿಡಬೇಕಾದ ಅಗತ್ಯವೂ ಇಲ್ಲ. 2022ರಲ್ಲಿ ಸಿಂಗಪುರ ಮಲೇಷ್ಯಾದ ನಾಗೇಂದ್ರನ್ ಧರ್ಮಲಿಂಗಂ ಅವರನ್ನು ಗಲ್ಲಿಗೇರಿಸಿತು. ಅವರು ತೊಡೆಗೆ ಕಟ್ಟಿಕೊಂಡು ತಂದಿದ್ದು 42.72 ಗ್ರಾಂ ಹೆರಾಯಿನ್, ಅಲ್ಲಿ 15 ಗ್ರಾಂ ದಾಟಿದರೆ ಮರಣದಂಡನೆ. ಇದೆಲ್ಲ ಗೊತ್ತಿದ್ದೇ, ಬುದ್ಧಿಶಕ್ತಿ ಕಡಿಮೆ ಇರುವ ಮನುಷ್ಯನನ್ನು ಕೊಲ್ಲಬೇಡಿ ಅಂತ ಎಷ್ಟೋ ದೇಶಗಳ ಜನ ಬೇಡಿಕೊಂಡರು. ಇನ್ನೊಂದು ಕಡೆ, 2019ರಲ್ಲಿ ಕತಾರ್‌ನಲ್ಲಿ ಸಿಕ್ಕಿಬಿದ್ದ ಮುಂಬೈ ದಂಪತಿಗೆ ಹತ್ತು ವರ್ಷ ಶಿಕ್ಷೆಯಾಗಿತ್ತು. ಸಂಬಂಧಿಕರು ಕೊಟ್ಟ ಪೊಟ್ಟಣದಲ್ಲಿ ನಾಲ್ಕು ಕೆಜಿಯಷ್ಟು ಚರಸ್. ಅದನ್ನು ಕೊಟ್ಟವರು ಯಾರು ಅಂತ ಇಲ್ಲಿ ತನಿಖೆ ಆಯಿತು, 2021ರಲ್ಲಿ ಆ ದಂಪತಿ ಬಿಡುಗಡೆಯಾದರು. ನಿಮ್ಮ ಹುಡುಗನ ಕೈಗೆ ಪೊಟ್ಟಣ ಕೊಟ್ಟವರು ಯಾರು? ಅದನ್ನು ನೀವು ಕೇಳಿಯೇ ಇಲ್ಲ.

‘ಅಲ್ಲಿನದು ಕ್ರೂರ ಕಾನೂನು’ ಅಂತ ಬರೆದಿದ್ದೀರಿ. ಮಾದಕವಸ್ತು ತಡೆಯುವ ನಮ್ಮ 1985ರ ಎನ್‌ಡಿಪಿಎಸ್ ಕಾಯ್ದೆಯನ್ನೂ ಸ್ವಲ್ಪ ನೋಡಿ. 250 ಗ್ರಾಂ ಹೆರಾಯಿನ್ ದಾಟಿದರೆ ಕನಿಷ್ಠ ಹತ್ತು ವರ್ಷ. ನನಗೆ ಗೊತ್ತಿರಲಿಲ್ಲ ಅಂದರೆ ಅದನ್ನು ಆರೋಪಿಯೇ ಸಾಬೀತು ಮಾಡಬೇಕು. ದೇವನಹಳ್ಳಿ ಏರ್‌ಪೋರ್ಟ್‌ನಲ್ಲಿ ಸಿಕ್ಕಿಬೀಳುವ ಹೊರದೇಶದ ಹುಡುಗನಿಗೂ ಅಮ್ಮ ಇರುತ್ತಾಳೆ, ಅಲ್ವಾ? ಅವನ ಸುದ್ದಿ ಬಂದಾಗ ನಮ್ಮೂರಲ್ಲಿ ಏನು ಮಾತಾಡುತ್ತಾರೆ ಅನ್ನೋದು ನಿಮಗೂ ಗೊತ್ತು. ನಮ್ಮವನು ಅನ್ನೋ ಒಂದೇ ಕಾರಣಕ್ಕೆ ಕೇಳುವ ಕನಿಕರ ಚಿಂತಾಮಣಿ ದಾಟಿ ಹೋಗುವುದಿಲ್ಲ.

ಲೇಖನದಲ್ಲಿ ಒಂದು ಜಾಗ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಗಸಗಸೆ ಅಲ್ಲಿ ನಿಷೇಧ ಅಂತ ಯಾರೋ ಹೇಳಿದ್ದಕ್ಕೆ, ಪಾಯಸಕ್ಕೆಂದು ಕಟ್ಟಿಟ್ಟಿದ್ದ ಗಸಗಸೆಯನ್ನು ಅಮ್ಮ ಸೂಟ್‌ಕೇಸಿನಿಂದ ಹುಡುಕಿ ತೆಗೆದರು. ಪಕ್ಕದಲ್ಲೇ ಇದ್ದ ಆ ಪೊಟ್ಟಣವನ್ನು ಮುಟ್ಟಲಿಲ್ಲ. ‘ಬೇರೆಯವರ ಸಾಮಾನು, ಬಿಚ್ಚಿ ನೋಡಿದರೆ ಚೆನ್ನಾಗಿರಲ್ಲ’ ಅಂದರು. ಇಂಥದ್ದನ್ನು ಕೊನೆಯ ಪುಟದಲ್ಲಿ ಎರಡು ಸಾಲಿಗೆ ಯಾಕೆ ಮುಗಿಸಿದಿರಿ? ಲೇಖನ ಇರುವುದೇ ಇಲ್ಲಿ. ಆ ಅಮ್ಮನ ಹತ್ತಿರ ಇನ್ನೊಮ್ಮೆ ಕೂತು ಮಾತಾಡಿ.

ಸರ್ಕಾರವನ್ನು ಬೈದ ಪುಟ ತೆಗೆಯಿರಿ. ಅದರ ಬದಲು ರಾಯಭಾರ ಕಚೇರಿಯವರು ಅವನನ್ನು ನೋಡಿದರಾ, ಕೋರ್ಟಿನಲ್ಲಿ ದುಭಾಷಿ ಇದ್ದರಾ ಅಂತ ವಿಚಾರಿಸಿ. ಶಿಕ್ಷೆಯ ಉಳಿದ ಭಾಗವನ್ನು ಇಲ್ಲಿನ ಜೈಲಿನಲ್ಲಿ ಕಳೆಯಲು ಕೈದಿಗಳನ್ನು ಸ್ವದೇಶಕ್ಕೆ ಕಳಿಸುವ 2003ರ ಕಾಯ್ದೆಯಲ್ಲಿ ದಾರಿಯಿದೆ, ಯುಎಇ ಜೊತೆ ಒಪ್ಪಂದವೂ ಆಗಿದೆ. ಇದು ಆ ಮನೆಯವರಿಗೆ ಗೊತ್ತಾ, ಕೇಳಿ.

ತೀರ್ಪಿನ ಪ್ರತಿ ಸಿಕ್ಕರೆ ಓದಿಸಿಕೊಳ್ಳಿ. ಹುಡುಗನ ಹೆಸರು, ಫೋಟೊ ಬೇಡ. ಅಪೀಲು ಬಾಕಿ ಇದ್ದರೆ ಅವನ ವಕೀಲರನ್ನು ಕೇಳಿದ ಮೇಲೆಯೇ ಹಾಕೋಣ. ತಿದ್ದಿ ಕಳಿಸಿ, ಕಾಯುತ್ತಿರುತ್ತೇನೆ.