ಕುಡಿತ ಬಿಟ್ಟವರ ಸಭೆಗೆ ಮೊದಲ ಸಲ ಹೋಗುವುದು ಹೇಗೆ?

ನೀವು ಮೂರು ವಿಷಯ ಕೇಳಿದ್ದೀರಿ. ತಾಲ್ಲೂಕು ಕೇಂದ್ರದಲ್ಲಿರುವ ನಿಮಗೆ ಕುಡಿತ ಬಿಟ್ಟವರ ಗುಂಪು ಎಲ್ಲಿ ಸಿಗುತ್ತದೆ, ಅಲ್ಲಿ ಪರಿಚಯದವರು ಕಂಡರೆ ಏನು ಗತಿ, ಊಟದಲ್ಲಿ ಕುಡಿತ ಬಿಡಿಸುವ ಪುಡಿ ಬೆರೆಸುತ್ತೇನೆ ಎನ್ನುತ್ತಿರುವ ನಿಮ್ಮ ಮನೆಯವರಿಗೆ ಏನು ಹೇಳಬೇಕು. ನಾನು ಕುಡಿತ ಬಿಟ್ಟು ವರ್ಷಗಳಾಗಿವೆ. ಈಗಲೂ ಸಭೆ ತಪ್ಪಿಸುವುದಿಲ್ಲ. ಅಲ್ಲಿನ ಸಂಪ್ರದಾಯದಂತೆ ನನ್ನ ಹೆಸರು ಬರೆಯುತ್ತಿಲ್ಲ.

ಗುಂಪಿನ ಮಾತಿಗೆ ಮೊದಲು ನಿಮ್ಮ ಕೈ ನಡುಕದ ಮಾತು. ಬೆಳಿಗ್ಗೆ ಒಂದು ಗುಟುಕು ಒಳಗೆ ಹೋದ ಮೇಲೆಯೇ ನಡುಕ ನಿಲ್ಲುತ್ತದೆ ಎಂದಿದ್ದೀರಿ. ಹಾಗಿದ್ದರೆ ದಯವಿಟ್ಟು ಮನೆಯಲ್ಲೇ ಒಮ್ಮೆಲೇ ನಿಲ್ಲಿಸಬೇಡಿ. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಅದರ ಹಿಂದೆಯೇ ಇಲ್ಲದ್ದು ಕಾಣಿಸುವುದು, ಹಗಲು ರಾತ್ರಿ ತಿಳಿಯದಂತಾಗುವುದು ಶುರುವಾದರೆ ಜೀವಕ್ಕೇ ಅಪಾಯ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರು ಕೆಲವು ದಿನ ಔಷಧಿ, ಜೊತೆಗೆ ಬಿ1 ಜೀವಸತ್ವ ಕೊಟ್ಟು ಈ ಹಂತ ದಾಟಿಸುತ್ತಾರೆ. ಬೆಂಗಳೂರಿಗೆ ಹೋಗಬಲ್ಲಿರಾದರೆ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಯಾರನ್ನು ಕೇಳಬೇಕೆಂದೇ ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಶುಲ್ಕವಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ಸಭೆ ಬೇಕಾಗುವುದು ನಡುಕ ನಿಂತ ಮೇಲೆ ಬರುವ ಸಂಜೆಗಳಿಗೆ.

ಹೆಚ್ಚು ಕಡೆ ಸಿಗುವುದು ಆಲ್ಕೋಹಾಲಿಕ್ಸ್ ಅನಾನಿಮಸ್, ಚಿಕ್ಕದಾಗಿ ಎಎ. 1935ರಲ್ಲಿ ಅಮೆರಿಕದ ಆಕ್ರನ್‌ನಲ್ಲಿ ಹುಟ್ಟಿದ್ದು. ವ್ಯಾಪಾರ ಕೈಕೊಟ್ಟು ಹೋಟೆಲಿನಲ್ಲಿ ಒಬ್ಬನೇ ಉಳಿದಿದ್ದ ಷೇರು ವ್ಯವಹಾರದವನೊಬ್ಬನಿಗೆ ಮತ್ತೆ ಕುಡಿಯುವ ಆಸೆ ಹತ್ತಿತು. ಆಗ ಆತ ಫೋನು ಹಿಡಿದು ಹುಡುಕಿದ್ದು ಮಾತನಾಡಲು ಇನ್ನೊಬ್ಬ ಕುಡುಕನನ್ನು. ಸಿಕ್ಕವನು ಒಬ್ಬ ಶಸ್ತ್ರವೈದ್ಯ. ಇಂದಿಗೂ ಎಎ ನಿಂತಿರುವುದು ಇದರ ಮೇಲೆಯೇ: ಹೇಳುವವನೂ ಕುಡಿದವನು, ಕೇಳುವವನೂ ಕುಡಿದವನು. ಕುಡಿತ ಬಿಡಬೇಕೆಂಬ ಆಸೆಯೊಂದಿದ್ದರೆ ಸಾಕು, ಸದಸ್ಯತ್ವಕ್ಕೆ ಬೇರೇನೂ ಬೇಡ, ಶುಲ್ಕವೂ ಇಲ್ಲ. ಭಾರತದ ಎಎ ಜಾಲತಾಣದಲ್ಲಿರುವ ಸಹಾಯವಾಣಿಗೆ ಫೋನ್ ಮಾಡಿ, ಹತ್ತಿರದ ಸಭೆ ಎಲ್ಲಿ, ಯಾವ ಭಾಷೆಯಲ್ಲಿ, ಮುಕ್ತ ಸಭೆಯೋ ಅಲ್ಲವೋ ಎಂದು ಕೇಳಿ. ಮುಕ್ತ ಸಭೆಗೆ ಮನೆಯವರನ್ನೂ ಕರೆದೊಯ್ಯಬಹುದು. ಮೊಬೈಲ್‌ನಲ್ಲೇ ಸೇರಬಹುದಾದ ಸಭೆಗಳೂ ಇವೆ.

ನಮ್ಮ ಹಳ್ಳಿಗಳ ಕಡೆ ಇನ್ನೊಂದು ದಾರಿಯಿದೆ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆಯವರು ಜನಜಾಗೃತಿ ವೇದಿಕೆಯ ಜೊತೆ ಸೇರಿ ಊರೂರುಗಳಲ್ಲಿ ಮದ್ಯವರ್ಜನ ಶಿಬಿರ ನಡೆಸುತ್ತಾರೆ. ಶಿಬಿರ ಮುಗಿಸಿದವರು ನವಜೀವನ ಸಮಿತಿ ಎಂದು ಸೇರುತ್ತಾರೆ. ಭಜನೆ, ಪೂಜೆ ನಿಮಗೆ ಒಗ್ಗುವುದಾದರೆ ಅಲ್ಲಿ ಬೇಗ ಹೊಂದಿಕೊಳ್ಳುತ್ತೀರಿ. ಕುಡಿತದಿಂದ ಹೊರಬರಲು ಎಎ ಹೇಳುವ 12 ಹಂತಗಳಲ್ಲೂ ದೇವರ ಮಾತು ಬರುತ್ತದೆ, ಆದರೆ ‘ನಾವು ತಿಳಿದುಕೊಂಡಂಥ ದೇವರು’ ಎಂದು. ದೇವರನ್ನು ನಂಬದ ಗೆಳೆಯರು ಗುಂಪನ್ನೇ ತಮಗಿಂತ ದೊಡ್ಡ ಶಕ್ತಿ ಎಂದುಕೊಂಡು ವರ್ಷಗಟ್ಟಲೆ ಬರುತ್ತಿದ್ದಾರೆ.

ಪರಿಚಯದವರು ಕಂಡರೆ? ಅವರೂ ಅದೇ ಕಾರಣಕ್ಕೆ ಬಂದಿರುತ್ತಾರೆ. ಅಲ್ಲಿ ಕೇಳಿದ್ದನ್ನು ಅಲ್ಲಿಯೇ ಬಿಟ್ಟು ಬರಬೇಕು ಎಂಬುದನ್ನು ನಮ್ಮವರು ತುಂಬ ಗಟ್ಟಿಯಾಗಿ ಪಾಲಿಸುತ್ತಾರೆ. ಆದರೂ ಎದೆ ಹೊಡೆದುಕೊಂಡರೆ ಪಕ್ಕದ ಊರಿನ ಸಭೆಗೆ ಹೋಗಿ, ಎಷ್ಟೋ ಜನ ಹಾಗೆ ಮಾಡುತ್ತಾರೆ.

ಒಳಗೆ ಏನು ನಡೆಯುತ್ತದೆ ಎಂದರೆ, ನಮ್ಮ ಗುಂಪು ಸೇರುವುದು ಶಾಲೆಯ ಒಂದು ಕೊಠಡಿಯಲ್ಲಿ. ಮಕ್ಕಳ ಬೆಂಚುಗಳಲ್ಲಿ ಮೊಣಕಾಲು ಮಡಚಿಕೊಂಡು ಕೂರುತ್ತೇವೆ. ಒಬ್ಬೊಬ್ಬರಾಗಿ ಹೆಸರು ಹೇಳಿ, ‘ನಾನೊಬ್ಬ ಮದ್ಯವ್ಯಸನಿ’ ಎಂದು ಮಾತು ಶುರು ಮಾಡುತ್ತಾರೆ. ಮಧ್ಯೆ ಯಾರೂ ಬಾಯಿ ಹಾಕುವುದಿಲ್ಲ, ಬುದ್ಧಿ ಹೇಳುವುದಿಲ್ಲ. ಈಚೆಗೆ ಲಾರಿ ಚಾಲಕರೊಬ್ಬರು ಎದ್ದು, ಸಂಬಳ ಬಂದ ಸಂಜೆ ಮಾರ್ಕೆಟ್ ರಸ್ತೆ ಬಿಟ್ಟು ಕೆರೆ ಏರಿಯ ಮೇಲೆ ಸುತ್ತಿಕೊಂಡು ಮನೆ ಸೇರಿದೆ, ದುಡ್ಡು ಹೆಂಡತಿಯ ಕೈಗೆ ಕೊಟ್ಟು ಎರಡು ಸಲ ಸ್ನಾನ ಮಾಡಿದೆ, ಆಮೇಲೆ ನಿದ್ದೆ ಬಂತು ಎಂದಷ್ಟೇ ಹೇಳಿ ಕೂತರು. ಆ ಮಾರ್ಕೆಟ್ ರಸ್ತೆಯಲ್ಲಿ ಏನಿದೆ ಎಂದು ಕೊಠಡಿಯಲ್ಲಿ ಯಾರಿಗೂ ವಿವರಿಸಬೇಕಾಗಿರಲಿಲ್ಲ. ನೀವು ಮೊದಲ ದಿನ ಬಾಯಿ ಬಿಡಬೇಕಿಲ್ಲ, ‘ಇವತ್ತು ಕೇಳುತ್ತೇನೆ’ ಎಂದರೆ ಸಾಕು. ಕಾಣಿಕೆಯ ಚೀಲ ಬಂದಾಗ ಹೊಸಬರು ಏನೂ ಹಾಕಬೇಕಾಗಿಲ್ಲ.

ಸಭೆ ಮುಗಿದ ಕೂಡಲೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡಬೇಡಿ. ಚಹಾಕ್ಕೆ ನಿಲ್ಲಿ. ನಿಮಗೆ ಹಿಡಿಸಿದ ಇಬ್ಬರ ಫೋನ್ ನಂಬರ್ ಕೇಳಿ ಪಡೆಯಿರಿ. ಕುಡಿಯಬೇಕೆನಿಸಿದಾಗ, ಕುಡಿಯುವುದಕ್ಕೆ ಮೊದಲು, ಆ ನಂಬರಿಗೆ ಫೋನ್ ಮಾಡಿ. ರಾತ್ರಿ ಹನ್ನೊಂದಾದರೂ ಸಂಕೋಚ ಬೇಡ, ಎತ್ತಿದವರಿಗೂ ಅದರಿಂದ ಒಳ್ಳೆಯದೇ ಆಗುತ್ತದೆ. ಒಂದು ಗುಂಪು ಸರಿಬರದಿದ್ದರೆ ಇನ್ನೊಂದಕ್ಕೆ ಹೋಗಿ. ಗುಂಪಿನಿಂದ ಗುಂಪಿಗೆ ಜನರ ಸ್ವಭಾವ ಬಹಳ ಬೇರೆ. ಗುಂಪಿನಿಂದ ನೆರವಾಗುತ್ತದೆ ಎಂಬುದು ಬರೀ ನಂಬಿಕೆಯ ಮಾತೂ ಅಲ್ಲ. ಚಿಕಿತ್ಸೆಗಳ ಪುರಾವೆಯನ್ನು ಪರಿಶೀಲಿಸುವ ಕಾಕ್ರನ್ ಸಂಸ್ಥೆಯು 27 ಅಧ್ಯಯನಗಳನ್ನು ಒಟ್ಟಿಗಿಟ್ಟು ನೋಡಿದ 2020ರ ವಿಮರ್ಶೆಯಲ್ಲಿ, ರೋಗಿಗಳನ್ನು ಕ್ರಮಬದ್ಧವಾಗಿ ಎಎ ಕಡೆಗೆ ಒಯ್ಯುವ ಚಿಕಿತ್ಸೆಯು ಪೂರ್ತಿ ಕುಡಿಯದೆ ಉಳಿಯುವ ವಿಷಯದಲ್ಲಿ ಇತರ ಮನೋಚಿಕಿತ್ಸೆಗಳಿಗಿಂತ ಮೇಲಾಗಿ ಕಂಡಿದೆ.

ಇನ್ನು ಪುಡಿ. ಅದನ್ನು ಖಂಡಿತ ಬೇಡವೆನ್ನಿ. ಕುಡಿತ ಬಿಡಿಸಲು ಡೈಸಲ್ಫಿರಾಮ್ ಎಂಬ ಮಾತ್ರೆಯಿದೆ, ನಿಜ. ಅದನ್ನು ನುಂಗಿದವರು ಕುಡಿದರೆ ಮುಖ ಕೆಂಪೇರಿ, ವಾಂತಿಯಾಗಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿಯಬಹುದು. ವೈದ್ಯರು ಪರೀಕ್ಷೆ ಮಾಡಿ, ರೋಗಿಗೆ ತಿಳಿಸಿ, ಒಪ್ಪಿಗೆ ಪಡೆದು ಕೊಡುವ ಔಷಧಿ ಅದು. ಏನಿದೆ ಎಂದೇ ತಿಳಿಯದ ಪುಡಿಯನ್ನು ಕದ್ದು ಸಾರಿಗೆ ಬೆರೆಸಿದರೆ ನಿಮ್ಮ ಪ್ರಾಣಕ್ಕೇ ಕುತ್ತು ಬರಬಹುದು. ನಿಮ್ಮ ಮನೆಯವರು ಸೋತು ಆ ಮಾತಾಡಿದ್ದಾರೆ, ಕೋಪಿಸಿಕೊಳ್ಳಬೇಡಿ. ಅವರಂಥವರಿಗೆಂದೇ ಅಲ್-ಅನಾನ್ ಎಂಬ ಬೇರೆ ಗುಂಪಿದೆ, ನೀವು ಬಿಟ್ಟರೂ ಬಿಡದಿದ್ದರೂ ಅವರು ಅಲ್ಲಿಗೆ ಹೋಗಬಹುದು. ಆಸ್ಪತ್ರೆಗೆ ಮಾತ್ರ ಇಬ್ಬರೂ ಒಟ್ಟಿಗೆ ಹೋಗಿ. ದಿನಕ್ಕೆ ಎಷ್ಟು ಕುಡಿಯುತ್ತೀರಿ ಎಂದು ವೈದ್ಯರು ಕೇಳಿದಾಗ ಲೆಕ್ಕ ಕಡಿಮೆ ಮಾಡಿ ಹೇಳಬೇಡಿ, ಔಷಧಿಯ ಪ್ರಮಾಣವನ್ನು ಅವರು ಅದರ ಮೇಲೆಯೇ ನಿರ್ಧರಿಸುತ್ತಾರೆ.