ಗೆಳೆಯನ ಬೈಕು ರಸ್ತೆಗಿಳಿಯುವ ಮುನ್ನ

ಪ್ರಶ್ನೆ: ನಮ್ಮ ರೈಡಿಂಗ್ ಗುಂಪಿನ ಗೆಳೆಯ ತೀರಿಕೊಂಡು ಎರಡು ವರ್ಷವಾಗುತ್ತಾ ಬಂತು. ಅವನ ಕಾರ್ಬ್ಯುರೇಟರ್ ಬೈಕು ಅಂದಿನಿಂದ ನಿಂತಲ್ಲೇ ಇದೆ. ನೆನಪಿನ ಸವಾರಿಗೆ ಅದನ್ನು ಓಡಿಸಿ ಎನ್ನುತ್ತಾರೆ ಮನೆಯವರು. ಕಿಕ್ ಹೊಡೆದು ನೋಡಬಹುದೇ?

ಉತ್ತರ: ಸದ್ಯಕ್ಕೆ ಬೇಡ. ಇಷ್ಟು ದಿನ ನಿಂತ ಇಂಜಿನ್‌ನಲ್ಲಿ ಸಿಲಿಂಡರ್ ಗೋಡೆಯ ಎಣ್ಣೆ ಇಳಿದುಹೋಗಿರುತ್ತದೆ. ಒಣಗಿದ ಗೋಡೆಯ ಮೇಲೆ ಪಿಸ್ಟನ್ ರಿಂಗ್ ಉಜ್ಜಿದರೆ ಗೀರು ಬೀಳುತ್ತದೆ. ಸ್ಪಾರ್ಕ್ ಪ್ಲಗ್ ಬಿಚ್ಚಿ, ಒಂದು ಟೀ ಚಮಚದಷ್ಟು (5 ಮಿಲಿಲೀಟರ್) ಇಂಜಿನ್ ಆಯಿಲ್ ಒಳಗೆ ಬಿಟ್ಟು ಕೆಲವು ಗಂಟೆ ಕಾಯಿರಿ. ಆಮೇಲೆ ಇಗ್ನಿಷನ್ ಆಫ್ ಇಟ್ಟು ಕಿಕ್ಕರನ್ನು ಕೈಯಲ್ಲೇ ಮೆಲ್ಲಗೆ ಒತ್ತಿ. ಬಿಗಿಯಾಗಿದ್ದರೆ ಬಲ ಹಾಕಬೇಡಿ, ಮೆಕ್ಯಾನಿಕ್‌ಗೆ ತೋರಿಸಿ. ಸಲೀಸಾಗಿ ತಿರುಗಿದರೆ ಆಯಿಲ್, ಫಿಲ್ಟರ್ ಬದಲಿಸಿ.

ಹಳೆಯ ಪೆಟ್ರೋಲನ್ನು ಪೂರ್ತಿ ಬಸಿಯಿರಿ. ಅದಕ್ಕೆ ಹೊಸದನ್ನು ಬೆರೆಸಿ ಉಳಿಸುವ ಜಿಪುಣತನ ಬೇಡ. ಹಳೆಯದು ಅಂಟಾಗಿ ಮೊದಲು ಕಟ್ಟುವುದು ಪೈಲಟ್ ಜೆಟ್ಟನ್ನು, ಅಂದರೆ ಕಾರ್ಬ್ಯುರೇಟರ್‌ನೊಳಗೆ ಪೆಟ್ರೋಲ್ ಹಾಯುವ ಸಣ್ಣ ರಂಧ್ರದ ಬಿಡಿಭಾಗವನ್ನು. ಚೋಕ್ ಎಳೆದಾಗ ಸ್ಟಾರ್ಟ್ ಆಗಿ, ಬಿಟ್ಟೊಡನೆ ಬಂದ್ ಆಗುವ ಬೈಕಿನ ರೋಗ ಸಾಮಾನ್ಯವಾಗಿ ಇದೇ. ಜೆಟ್ಟಿಗೆ ತಂತಿ ಚುಚ್ಚಿದರೆ ರಂಧ್ರ ಹಿಗ್ಗುತ್ತದೆ. ಕ್ಲೀನರ್ ಮತ್ತು ಗಾಳಿ ಸಾಕು. ಟ್ಯಾಂಕಿನೊಳಗೆ ಟಾರ್ಚ್ ಬಿಟ್ಟು ತುಕ್ಕು ನೋಡಿ. ಬಿರುಕು ಬಿಟ್ಟ ಪೆಟ್ರೋಲ್ ಪೈಪ್ ಬದಲಿಸಿ. ಸ್ಟಾರ್ಟ್ ಆದಮೇಲೆ ಸ್ವಲ್ಪ ಹೊತ್ತು ನೀಲಿ ಹೊಗೆ ಬಂದರೆ ಗಾಬರಿಯಾಗಬೇಡಿ, ನೀವೇ ಬಿಟ್ಟ ಎಣ್ಣೆ ಉರಿಯುತ್ತಿದೆ.

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಹಾಗಾಗಿ ಎರಡು ವರ್ಷಕ್ಕೊಮ್ಮೆ ಬದಲಿಸಲೇಬೇಕು. ಟೈರಿನ ಬದಿಯ ನಾಲ್ಕಂಕಿ ಓದಿ: 2319 ಎಂದರೆ 2019ರ 23ನೇ ವಾರ. ಅಷ್ಟು ಹಳೆಯದಾಗಿದ್ದರೆ, ಟೈರಿನ ಮೇಲ್ಮೈಯ ಗೀರುಗಳು ಇನ್ನೂ ಆಳವಾಗಿದ್ದರೂ ಹೊಸದು ಹಾಕಿಸಿ, ಗಟ್ಟಿಯಾದ ರಬ್ಬರು ರಸ್ತೆ ಹಿಡಿಯುವುದಿಲ್ಲ. ಕ್ಲಚ್ ಪ್ಲೇಟ್‌ಗಳು ಅಂಟಿರಬಹುದು. ಇಂಜಿನ್ ಬಂದ್ ಇರುವಾಗಲೇ ಗೇರ್ ಹಾಕಿ, ಕ್ಲಚ್ ಒತ್ತಿ, ಬೈಕನ್ನು ಹಿಂದೆ ಮುಂದೆ ತಳ್ಳಿದರೆ ಬಿಡುತ್ತವೆ.

ಇಷ್ಟು ಸಾಕು. ಪೇಂಟ್, ಕ್ರೋಮ್ ಗೊಡವೆಗೆ ಹೋಗಬೇಡಿ. ಅವನು ಅಂಟಿಸಿದ ಸ್ಟಿಕ್ಕರು, ಬೀಳಿಸಿ ಮಾಡಿದ ಗೀರು ಇರಲಿ. ಬದಲಿಸಿದ ಹಳೆಯ ಗ್ರಿಪ್, ಪ್ಲಗ್‌ಗಳನ್ನು ಮನೆಯವರನ್ನು ಕೇಳದೆ ಗುಜರಿಗೆ ಹಾಕಬೇಡಿ.

ಪ್ರಶ್ನೆ: ಸವಾರಿಯಲ್ಲಿ ಅವನಿಗೆಂದು ಒಂದು ಜಾಗ ಖಾಲಿ ಬಿಡುವುದು ಹೇಗೆ?

ಉತ್ತರ: ಒಬ್ಬರು ಎಡಕ್ಕೆ, ಅವರ ಹಿಂದಿನವರು ಬಲಕ್ಕೆ ಎಂಬಂತೆ ಸಾಗುವ ಜೋಡಿ ಸಾಲಿನಲ್ಲಿ ಮುಂದಾಳುವಿನ ಪಕ್ಕದ ಸ್ಥಾನ ಬಿಡಿ. ನಿಮ್ಮದೇ ಸಾಲಿನ ಮುಂದಿನ ಬೈಕಿಗೆ 2 ಸೆಕೆಂಡ್, ಪಕ್ಕದ ಸಾಲಿನ ಮುಂದಿನ ಬೈಕಿಗೆ 1 ಸೆಕೆಂಡ್ ಅಂತರ. ತಿರುವು ಬಂತೆಂದರೆ ಎಲ್ಲರೂ ಒಂದೇ ಸಾಲು. ಖಾಲಿ ಜಾಗ ಕಾಯುತ್ತೇವೆಂದು ತಿರುವಿನ ಹೊರ ಅಂಚಿಗೆ ಜಾರಿದವರಿದ್ದಾರೆ. ಎಂಟಕ್ಕಿಂತ ಹೆಚ್ಚಿದ್ದರೆ ಗುಂಪು ಒಡೆಯಿರಿ, ಪ್ರತಿ ಗುಂಪಿನ ಕೊನೆಗೆ ಅನುಭವಿ ಇರಲಿ. ತೀರಾ ದುಃಖದಲ್ಲಿರುವವರನ್ನು ಮುಂದೆ ಬಿಡಬೇಡಿ, ಗಮನ ರಸ್ತೆಯ ಮೇಲಿರುವುದಿಲ್ಲ. ನಿಂತಲ್ಲೇ ಎಲ್ಲರೂ ಆಕ್ಸಿಲರೇಟರ್ ತಿರುಗಿಸಿ ಗೌರವ ಸಲ್ಲಿಸುವ ಪದ್ಧತಿ ನನಗೆ ರುಚಿಸದು; ಗಾಳಿಯಿಂದ ತಣಿಯುವ ಇಂಜಿನ್‌ಗಳು ಅಲ್ಲೇ ಕಾದು ಕೆಂಡವಾಗುತ್ತವೆ.

ಪ್ರಶ್ನೆ: ಅವನ ಹೆಲ್ಮೆಟ್ ನಾನೇ ಧರಿಸಬಹುದೇ?

ಉತ್ತರ: ಬೇಡ. ಒಳಗಿನ ಥರ್ಮೋಕೋಲ್ ಪದರ ಒಮ್ಮೆ ಜಜ್ಜಿದರೆ ಮತ್ತೆ ಉಬ್ಬುವುದಿಲ್ಲ, ಹೊರಗಿನಿಂದ ಅದು ಕಾಣುವುದೂ ಇಲ್ಲ. ಪ್ಯಾಡ್‌ಗಳೂ ಅವನ ತಲೆಗೆ ಹೊಂದಿಕೊಂಡಿರುತ್ತವೆ. ಬಿಸಿಲು ಬೀಳದ ಕಪಾಟಿನಲ್ಲಿಡಿ. ಒರೆಸಲು ಸೋಪಿನ ನೀರು ಸಾಕು. ಪೆಟ್ರೋಲ್, ಥಿನ್ನರ್ ತಾಗಿದರೆ ಚಿಪ್ಪೂ ಥರ್ಮೋಕೋಲೂ ಹಾಳಾಗುತ್ತವೆ.